ಗಾರೆ ಕಿತ್ತವನ ಹೆಸರು

ವಡಾಲದಲ್ಲಿ ಬಂದರಿನ ಕಡೆಗಿರುವ ಹಳೆಯ ಇಗರ್ಜಿಯವರು ಇಪ್ಪತ್ತಾರು ವರ್ಷ ಗಾರೆ ಕೆಲಸಕ್ಕೆ ಕರೀಮಸಾಬನನ್ನು ಬಿಟ್ಟು ಬೇರೆ ಯಾರನ್ನೂ ಕರೆದದ್ದಿಲ್ಲ. ಗುಳೇದಗುಡ್ಡದಿಂದ ಬಂದವನು. ಇಗರ್ಜಿಯ ಹಿತ್ತಲಿನ ಗುಂಡಿಯಲ್ಲಿ ಸುಣ್ಣವನ್ನು ತಿಂಗಳುಗಟ್ಟಲೆ ನೆನೆಹಾಕಿ, ಬೆಲ್ಲದ ನೀರು ಬೆರೆಸಿ ಅರೆಯುತ್ತಿದ್ದ. ಪೂಜಾಪೀಠದ ಹಿಂದಿನ ಗೋಡೆಯ ಮೇಲೆ ಯಾರೋ ಹಿಂದಿನವರು ಗಾರೆಯಲ್ಲೇ ಮೂಡಿಸಿದ ಐವರು ದೇವದೂತರಿದ್ದರು. ಒಬ್ಬನ ಬೆರಳು ಮುರಿದಾಗ ಹೊಸದಾಗಿ ಮಾಡಿದವನು ಕರೀಮಸಾಬನೇ. ಮನೆಯಲ್ಲಿ ಹೆಂಡತಿ ಹಜರತಬಿಯ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ ಹೋಗಿ ಮಾಡಿದ್ದ.

ಹೋದ ವರ್ಷ ಆ ಗೋಡೆಗೆ ತೇವ ಹಿಡಿಯಿತು. ಗಾರೆಯೆಲ್ಲ ಕಿತ್ತು ಸಿಮೆಂಟು ಬಳಿಯುವುದೆಂದು ತೀರ್ಮಾನವಾಯಿತು. ಕರೀಮಸಾಬ ಪಾದ್ರಿ ಲಿಗೋರಿಯವರ ಹತ್ತಿರ ಓಡಿದ.

"ಬ್ಯಾಡ್ರಿ ಫಾದರ್. ಮ್ಯಾಲಿಂದ ನೀರು ಸೋರಾಕತ್ತೈತಿ, ಅದನ್ನ ನಿಲ್ಲಸ್ರಿ ಸಾಕು. ಸಿಮೆಂಟ ಹಾಕಿದ್ರ ಗ್ವಾಡಿ ಒಳಗಿಂದೊಳಗ ಕೊಳೀತೈತ್ರಿ."

"ನಾನು ಹೇಳಿದರೆ ಆಗುವುದಿಲ್ಲ ಮಾರಾಯ್ರೆ," ಎಂದರು ಮಂಗಳೂರು ಕಡೆಯ ಆ ಪಾದ್ರಿ. "ಮೇಲಿನ ಬಿಲ್ಡಿಂಗ್ ಕಮಿಟಿ ಪಾಸ್ ಮಾಡಿ ಆಗಿದೆ."

ಮೇಲಿನ ಕಮಿಟಿಯ ಗುಮಾಸ್ತ, ಇದು ಹೆರಿಟೇಜ್ ಕಟ್ಟಡ, ಅದರ ಕಚೇರಿಯೇ ಬೇರೆ ಎಂದ. ಆ ಕಚೇರಿಯಲ್ಲಿ ಚೆಂಬೂರಿನ ಶೈಲಾ ಎಂಬ ಅಧಿಕಾರಿ ಅವನನ್ನು ಕೂರಿಸಿ ಪೂರ್ತಿ ಕೇಳಿದಳು. ಆಮೇಲೆ ಫೈಲು ತೆಗೆದು ನಿಟ್ಟುಸಿರು ಬಿಟ್ಟಳು.

"ಇದರಲ್ಲಿ ರಿಪೇರಿ ಅಂತ ಬರೆದಿದ್ದಾರೆ ಚಾಚಾ. ಬದಲಾವಣೆ ಅಂದಿದ್ದರೆ ನಾವು ತಡೆಯಬಹುದಿತ್ತು. ಆದರೂ ಒಮ್ಮೆ ಬಂದು ನೋಡ್ತೇನೆ."

ಅವಳು ಬರುವ ಮೊದಲೇ ಕಂಟ್ರಾಕ್ಟರ್ ಪ್ರಶಾಂತ ಬಂದ. ಒಡೆಯುವ ಮಷಿನ್ನುಗಳನ್ನು ಕಂಡು ಕರೀಮಸಾಬ ಅಡ್ಡ ಬಂದ. ಅವು ಗೋಡೆಗೆ ತಾಗಿದರೆ ದೇವದೂತರು ಉಳಿಯುವುದಿಲ್ಲ. "ಮಷಿನ್ ತಗೀರಿ, ನಾನ ಕೀಳ್ತೀನಿ," ಎಂದ. ಒಂಬತ್ತು ದಿನ ಉಳಿ ಹಿಡಿದು, ತಾನೇ ಮೆತ್ತಿದ್ದ ಗಾರೆಯನ್ನು ತಾನೇ ಕೆರೆದು ತೆಗೆದ. ಐದು ಮೂರ್ತಿಗಳ ಸುತ್ತ ಮೊಳದಷ್ಟು ಜಾಗ ಬಿಟ್ಟು ಉಳಿದ ಕಲ್ಲೆಲ್ಲ ಬತ್ತಲೆಯಾಯಿತು.

ಹತ್ತನೆಯ ದಿನ ಶೈಲಾ ಬಂದಳು. ಗೋಡೆ ನೋಡಿ ಅವಳ ಮುಖ ಕಪ್ಪಿಟ್ಟಿತು.

"ಯಾರು ಕಿತ್ತದ್ದು ಇದನ್ನು?"

ಪ್ರಶಾಂತ ಕರೀಮಸಾಬನತ್ತ ಕೈ ತೋರಿಸಿದ. ಪಾದ್ರಿ ನೆಲ ನೋಡಿದರು.

"ನಾನ ಕಿತ್ತೇನ್ರಿ," ಎಂದ ಕರೀಮಸಾಬ. ಮೂರ್ತಿಗಳ ಸುತ್ತ ಉಳಿಸಿದ್ದ ಗಾರೆಯನ್ನು ತೋರಿಸಿದ. ಶೈಲಾಳಿಗೆ ಅರ್ಥವಾಯಿತೇನೋ, ಆದರೆ ಅವಳ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ. ಅನುಮತಿ ಇದ್ದದ್ದು ರಿಪೇರಿಗೆ ಮಾತ್ರ; ಅನುಮತಿಯಿಲ್ಲದೆ ಗಾರೆ ತೆಗೆದವರು ಎಂಬಲ್ಲಿ ಅವನ ಹೆಸರು ಬಿತ್ತು. ಕೆಲಸ ನಿಲ್ಲಿಸಿ, ಮುಂದಿನ ಆದೇಶದವರೆಗೆ ಯಾರೂ ಗೋಡೆ ಮುಟ್ಟಕೂಡದು ಎಂದು ಬಾಗಿಲಿಗೆ ನೋಟೀಸು ಅಂಟಿಸಿದರು.

ಜೂನ್ ಬಂತು. ಸೋರಿಕೆ ಹಾಗೇ ಇತ್ತು, ಗಾರೆಯಿಲ್ಲದ ಕಲ್ಲು ನೀರು ಕುಡಿಯಿತು. ಮೇಲೊಂದು ತಾಡಪತ್ರಿ ಕಟ್ಟಲು ಬಿಡಿ ಎಂದು ಕರೀಮಸಾಬ ಅಂಗಲಾಚಿದ. ಪಾದ್ರಿಯವರು ಕಮಿಟಿಗೆ ಬರೆದರು, ಕಮಿಟಿ ಕಚೇರಿಗೆ ಬರೆಯಿತು, ಕಚೇರಿಯಲ್ಲಿ ಶೈಲಾಳಿಗೆ ವರ್ಗವಾಗಿತ್ತು. ಹೊಸಬರು ಹಳೆಯ ಕಾಗದ ಓದಿ, ಆ ಮನುಷ್ಯನನ್ನು ಒಳಗೆ ಬಿಡಬೇಡಿ ಎಂದರು.

ಜುಲೈ ಎರಡನೆಯ ವಾರ, ಭಾನುವಾರದ ಪೂಜೆಯ ನಡುವೆ, ಇಬ್ಬರು ದೇವದೂತರು ಒಟ್ಟಿಗೆ ಕಳಚಿ ಬಿದ್ದರು. ಉಳಿದವರು ತಿಂಗಳೊಳಗೆ ಮಣ್ಣಿನ ಹಾಗೆ ಕರಗಿದರು. ಸುದ್ದಿ ತಂದವಳು ಹಜರತಬಿ. ಹೇಳಿ, ಗಂಡನ ಪಕ್ಕ ಕುಳಿತಳು.

"ಮಷಿನ್ ಹಚ್ಚಿದ್ರ ಒಂದ ದಿನದಾಗ ಮುಗೀತಿತ್ತು," ಎಂದನವನು. "ನಾನು ಅವ್ರನ್ನ ಹಿಂಗ ನರಳಿಸಿದೆ."

ಈಗ ಅವನು ಸಯನ್ನಿನ ಹೊಸ ಬಿಲ್ಡಿಂಗಿನಲ್ಲಿ ಬಾತ್‌ರೂಮಿಗೆ ಟೈಲ್ಸ್ ಕೂರಿಸುತ್ತಾನೆ, ಸಿಮೆಂಟಿನಲ್ಲಿ. ಕೆಲಸದವರು ಅವನ ಕೈಯ ಅಚ್ಚುಕಟ್ಟನ್ನು ಹೊಗಳುತ್ತಾರೆ. ಅವನು ಮುಂದಿನ ಟೈಲು ಎತ್ತಿಕೊಳ್ಳುತ್ತಾನೆ.