ಫುಪ್ಪಿ ಕೋಳಿ ತಿನ್ನದ ಶುಕ್ರವಾರಗಳು

ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಇಳಿದು ಬಳ್ಳಾರಿ ರಸ್ತೆಗೆ ತಿರುಗಿದರೆ ಈಗ ಮೂಗಿಗೆ ಮೊದಲು ಬರುವುದು ಸುಡುವ ಕೋಳಿಯ ವಾಸನೆ. ಹೋಟೆಲಿನ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಏಳೆಂಟು ಕೋಳಿಗಳು ಕಂಬಿಗೆ ಸಿಕ್ಕಿಕೊಂಡು ಜಿಡ್ಡು ಸುರಿಸುತ್ತಾ ನಿಧಾನವಾಗಿ ತಿರುಗುತ್ತಿರುತ್ತವೆ. ಯಾರೂ ನಿಂತು ನೋಡುವುದಿಲ್ಲ, ನಾನು ನಿಲ್ಲುತ್ತೇನೆ. ನಾನು ಚಿಕ್ಕವಳಿದ್ದಾಗ ಈ ಊರಿಗೆಲ್ಲ ಒಂದೇ ವಾಸನೆ, ಎಣ್ಣೆ ಮಿಲ್ಲುಗಳ ಶೇಂಗಾ ಹಿಂಡಿಯದು. ಕೋಳಿ ಸುಡುವ ವಾಸನೆ ನನ್ನ ಪಾಲಿಗೆ ಇದ್ದದ್ದು ನಮ್ಮ ಹಂಚಿನ ಮನೆಯ ಹಿತ್ತಲಲ್ಲಿ, ಅದೂ ಶುಕ್ರವಾರದ ಮಧ್ಯಾಹ್ನ. ಅಬ್ಬಾ ಮಿಲ್ಲುಗಳ ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್. ಅವರು ನಮಾಜು ಮುಗಿಸಿ ಬರುವಷ್ಟರಲ್ಲಿ ಅಮ್ಮಿ ಇಡೀ ಕೋಳಿಗೆ ಮೊಸರು, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ ಅರೆದು ಸವರಿ, ದಪ್ಪ ತಳದ ದೇಗ್ಚಿಯಲ್ಲಿಟ್ಟು, ಮುಚ್ಚಳದ ಮೇಲೂ ಜಾಲಿ ಕಟ್ಟಿಗೆಯ ಕೆಂಡ ಹರಡಿ ಹದವಾಗಿ ಬೇಯಿಸಿರುತ್ತಿದ್ದಳು. ಮುಚ್ಚಳ ತೆಗೆದಾಗ ಏಳುತ್ತಿದ್ದ ಹಬೆಗೆ ನಾನೂ ನನ್ನ ತಮ್ಮನೂ ಮುಖ ಒಡ್ಡಿ ನಿಲ್ಲುತ್ತಿದ್ದೆವು.

ಆ ಒಂದು ಕೋಳಿ ಐದು ಜನರಿಗೆ ಭಾನುವಾರದವರೆಗೆ ಬರಬೇಕಿತ್ತು. ಬರುತ್ತಿತ್ತು. ಶುಕ್ರವಾರ ಅದನ್ನು ಇಡಿಯಾಗಿ ನಡುವೆ ಇಟ್ಟು, ಅಬ್ಬಾನ ತಾಯಿ ದಾದಿಮಾ ತನ್ನ ಕೈಯಾರೆ ಹಂಚುತ್ತಿದ್ದಳು. ಒಂದು ಕಾಲು ಅಬ್ಬಾಗೆ, ಇನ್ನೊಂದು ಒಂದು ವಾರ ನನಗೆ, ಒಂದು ವಾರ ತಮ್ಮನಿಗೆ, ರೆಕ್ಕೆ ಕತ್ತುಗಳು ಹೆಂಗಸರಿಗೆ. ಎದೆಯ ಮಾಂಸವನ್ನು ಅಮ್ಮಿ ಎತ್ತಿಟ್ಟು, ಕೆಡದಂತೆ ಹೊತ್ತುಹೊತ್ತಿಗೂ ಬಿಸಿ ಮಾಡಿ, ಶನಿವಾರ ಕಡ್ಲೆಬೇಳೆ, ಆಲೂಗಡ್ಡೆ ಹಾಕಿ ಸಾರು ಮಾಡುತ್ತಿದ್ದಳು. ಭಾನುವಾರ ಉಳಿದ ಮೂಳೆಗಳನ್ನು ಶುಂಠಿ, ಮೆಣಸಿನ ಜೊತೆ ಬೆಳಿಗ್ಗೆಯಿಂದ ಕುದಿಸಿದರೆ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಆ ತಿಳಿಯಲ್ಲಿ ಮುದ್ದೆ ಅದ್ದಿ ನುಂಗುವಾಗ ಅದು ಮೂರನೆಯ ದಿನದ ಕೋಳಿ ಎಂದು ನಮಗೆ ಅನಿಸುತ್ತಲೇ ಇರಲಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ಅಬ್ಬಾನ ತಂಗಿ ಜೈಬೂ ಫುಪ್ಪಿ ಮೊಳಕಾಲ್ಮೂರಿನಿಂದ ಒಂದು ಟ್ರಂಕು, ಇಬ್ಬರು ಹೆಣ್ಣುಮಕ್ಕಳ ಜೊತೆ ಬಂದಿಳಿದಳು. ಅವಳ ಗಂಡ ಜ್ವರದಲ್ಲಿ ತೀರಿಕೊಂಡಿದ್ದ. ಗಂಡನ ಮನೆಯವರು ಇರು ಅನ್ನಲಿಲ್ಲ. ಅಬ್ಬಾ ಹೋಗಿ ಕರೆತಂದರು. ಬಂದ ಮೊದಲ ಶುಕ್ರವಾರ ಕಾಲು ನನ್ನ ಸರದಿ. ದಾದಿಮಾ ಅದನ್ನು ಮುರಿದು ಫುಪ್ಪಿಯ ಚಿಕ್ಕ ಮಗಳ ತಟ್ಟೆಗೆ ಹಾಕಿದಳು. ಎರಡನೆಯ ವಾರ ಅದು ದೊಡ್ಡವಳಿಗೆ ಹೋಯಿತು. ಮೂರನೆಯ ವಾರ ಅದು ಮತ್ತೆ ಚಿಕ್ಕವಳ ತಟ್ಟೆಗೇ ಬಿದ್ದಾಗ ನಾನು ತಟ್ಟೆ ದೂಡಿ ಕೇಳಿಯೇಬಿಟ್ಟೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಉರ್ದು. ಆ ಮಾತುಗಳನ್ನು ನಮ್ಮೂರ ಕನ್ನಡದಲ್ಲೇ ಬರೆಯುತ್ತಿದ್ದೇನೆ. "ಇವರು ಯಾವಾಗ ಹೋಗ್ತಾರೆ? ಇವರು ಬಂದಾಗಿಂದ ನನ್ನ ಪಾಲು ಹೋಗೈತೆ." ಅಬ್ಬಾ ಆ ದಿನ ಕೆಲಸದ ಮೇಲೆ ತಳಕು ಎಂಬ ಊರಿಗೆ ಹೋಗಿದ್ದರು. ಅಮ್ಮಿ ನೀರು ತರಲು ಎದ್ದಿದ್ದಳು. ದಾದಿಮಾಗೆ ಕಿವಿ ಮಂದ. ದೊಡ್ಡವರಲ್ಲಿ ಕೇಳಿಸಿಕೊಂಡವಳು ಫುಪ್ಪಿ ಒಬ್ಬಳೇ. ಅವಳು ಮಗಳ ತಟ್ಟೆಯಿಂದ ಕಾಲನ್ನು ತೆಗೆದು ನನ್ನ ತಟ್ಟೆಗಿಟ್ಟಳು. ನಾನು ತಿಂದೆ. ಅದು ರುಚಿಯಾಗಿಯೇ ಇತ್ತು ಎಂಬುದು ಇವತ್ತಿಗೂ ನನಗೆ ನಾಚಿಕೆಯ ಸಂಗತಿ.

ಮುಂದಿನ ವಾರದಿಂದ ಫುಪ್ಪಿ ಕೋಳಿ ಮುಟ್ಟಲಿಲ್ಲ. "ನನಗೆ ಸೇರ್ತಿಲ್ಲ ಭಾಬಿ, ಎದೆ ಉರೀತೈತೆ," ಎಂದು ಅಮ್ಮಿಗೆ ಹೇಳಿ ಈರುಳ್ಳಿ ನೆಂಚಿಕೊಂಡು ರೊಟ್ಟಿ ತಿಂದಳು. ಅವಳ ಹುಡುಗಿಯರು ತುಂಡಿಗೆ ಕೈ ಚಾಚಿದರೆ ಮೊಣಕಾಲಿನಿಂದ ಮೆಲ್ಲಗೆ ತಿವಿಯುತ್ತಿದ್ದಳು. ಎರಡು ವಾರದಲ್ಲಿ ಅವರೂ ಚಾಚುವುದನ್ನು ಬಿಟ್ಟರು. ಆ ಎರಡನೆಯ ಶುಕ್ರವಾರ ಊಟವಾದ ಮೇಲೆ ಅಮ್ಮಿ, ನಾನು ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆವು. ಫುಪ್ಪಿ ನಮಗೆ ಬೆನ್ನು ಮಾಡಿ ಕೂತು, ಖಾಲಿ ದೇಗ್ಚಿಯ ತಳಕ್ಕೆ ಹತ್ತಿದ ಮಸಾಲೆಯನ್ನು ರೊಟ್ಟಿ ಚೂರಿನಿಂದ ಒರೆಸಿ ಒರೆಸಿ ತಿನ್ನುತ್ತಿದ್ದಳು. ಅಮ್ಮಿ ಸದ್ದಾಗದಂತೆ ನನ್ನ ತೋಳು ಹಿಡಿದು ಒಳಗೆ ಎಳೆದಳು.

"ಅವಳಿಗೆ ಯಾರು ಏನಂದ್ರು?" ಎಂದಳು.

ನಾನು ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆಯಲಿಲ್ಲ. ನನ್ನನ್ನೇ ಸ್ವಲ್ಪ ಹೊತ್ತು ನೋಡಿ ತಟ್ಟೆ ತೊಳೆಯಲು ಕೂತಳು. ಅದಕ್ಕಿಂತ ಒಂದು ಏಟು ಬಿದ್ದಿದ್ದರೆ ಚೆನ್ನಾಗಿತ್ತು.

ಮರುವಾರ ಕೋಳಿ ಎಂದಿನಂತೆ ಬೆಂದಿತು, ಆದರೆ ಇಡಿಯಾಗಿ ಊಟಕ್ಕೆ ಬರಲಿಲ್ಲ. ಅಮ್ಮಿ ನನ್ನನ್ನು ಒಲೆಯ ಪಕ್ಕ ಕೂರಿಸಿ, ಎರಡೂ ಕಾಲುಗಳನ್ನು ಮುರಿದು ನನ್ನ ಕೈಗೆ ಕೊಟ್ಟು, "ಬಿಡಿಸು," ಎಂದಳು. ಬೆರಳು ಸುಡುತ್ತಿದ್ದರೂ ಎಳೆ ಎಳೆಯಾಗಿ ಬಿಡಿಸಿದೆ. ಎದೆ, ರೆಕ್ಕೆಯನ್ನು ಅವಳು ಬಿಡಿಸಿದಳು. ಒಂದು ಪಾಲು ಶನಿವಾರಕ್ಕೆ ತೆಗೆದಿಟ್ಟು, ಮಿಕ್ಕಿದ್ದನ್ನು ಹುರಿದ ಈರುಳ್ಳಿ, ಹಿಸುಕಿದ ಆಲೂಗಡ್ಡೆ, ಅನ್ನದೊಂದಿಗೆ ಕಲೆಸಿ, ಎಂಟು ಜನಕ್ಕೂ ಒಂದೇ ಅಗಲವಾದ ತಾಟಿನಲ್ಲಿ ತಂದು ನಡುವೆ ಇಟ್ಟಳು. ದಾದಿಮಾ ಮುಖ ಗಂಟಿಕ್ಕಿದಳು. "ಶುಕ್ರವಾರ ಕೋಳಿ ಇಡಿಯಾಗಿ ಇಡೋದು ಈ ಮನೆ ಪದ್ಧತಿ."

"ತುಂಡು ಕಂಡ್ರೆ ಎಣಿಸೋ ಹಂಗಾಗ್ತೈತೆ ಅಮ್ಮಾ," ಎಂದು ಅಮ್ಮಿ ಅವಳ ಕಿವಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು. "ಇನ್ನು ತುಂಡು ಬೇಡ." ಅಬ್ಬಾ ಹೆಂಡತಿಯ ಮುಖ ನೋಡಿದರು, ತಂಗಿಯ ಮುಖ ನೋಡಿದರು, ಆಮೇಲೆ ಬಿಸ್ಮಿಲ್ಲಾ ಹೇಳಿ ತಾಟಿಗೆ ಕೈ ಹಾಕಿದರು. ಫುಪ್ಪಿಯ ಕೈ ಮಡಿಲಲ್ಲೇ ಇತ್ತು. ಅಮ್ಮಿ ಅವಳ ಕಡೆಯ ಅನ್ನವನ್ನು ಸ್ವಲ್ಪ ಮುಂದಕ್ಕೆ ಒತ್ತಿದಳು. "ತಿನ್ನು ಜೈಬೂ. ಇದ್ರಲ್ಲಿ ಕೋಳಿ ಯಾವ್ದು, ಆಲೂಗಡ್ಡೆ ಯಾವ್ದು, ಕಲೆಸಿದ ನನಗೇ ತಿಳೀತಿಲ್ಲ." ಫುಪ್ಪಿ ಒಂದು ತುತ್ತು ತೆಗೆದುಕೊಂಡಳು. ಅವಳ ಮಕ್ಕಳು ತಾಯಿಯ ಮೊಣಕಾಲನ್ನು ಒಮ್ಮೆ ನೋಡಿ, ಅದು ಅಲುಗದೆ ಇದ್ದದ್ದನ್ನು ಕಂಡು, ಕೈ ಹಾಕಿದರು.

ಫುಪ್ಪಿ ನಮ್ಮಲ್ಲಿ ಮೂರು ವರ್ಷ ಇದ್ದಳು. ಅಷ್ಟೂ ಶುಕ್ರವಾರ ಕೋಳಿ ಬಿಡಿಸುವ ಕೆಲಸ ನನ್ನದಾಯಿತು. ಆಮೇಲೆ ಅವಳು ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟಿ ಬದುಕುತ್ತೇನೆ ಎಂದು ಮೊಳಕಾಲ್ಮೂರಿಗೇ ಹಿಂದಿರುಗಿ, ಒಂದು ಬಾಡಿಗೆ ಕೋಣೆ ಹಿಡಿದಳು. ಹಾಗೆಯೇ ಬದುಕಿದಳು, ಮಕ್ಕಳ ಮದುವೆಯನ್ನೂ ಮಾಡಿದಳು. ದಾದಿಮಾ, ಅಬ್ಬಾ, ಅಮ್ಮಿ ಒಬ್ಬೊಬ್ಬರಾಗಿ ಹೋದರು. ಆ ಮನೆಯ ಜಾಗದಲ್ಲಿ ಈಗ ಟೈರಿನ ಅಂಗಡಿ ಇದೆ.

ಅಮ್ಮಿ ತೀರಿಕೊಂಡ ವರ್ಷ ನಾನು ಮೊಳಕಾಲ್ಮೂರಿಗೆ ಹೋದೆ. ಫುಪ್ಪಿಯನ್ನು ನಾನು ನೋಡಿದ್ದು ಅದೇ ಕೊನೆ. ಕಣ್ಣು ಮಂಜಾಗಿದ್ದರೂ ಕುಚ್ಚು ಕಟ್ಟುತ್ತಲೇ ಇದ್ದಳು. ಚಹಾ ಕುಡಿದ ಮೇಲೆ ನಾನು ಧೈರ್ಯ ಮಾಡಿ, ಅವತ್ತು ಹಂಗೆ ಅಂದುಬಿಟ್ಟೆ, ಮಾಫ್ ಮಾಡು ಫುಪ್ಪಿ, ಎಂದೆ. ಅವಳು ಮರೆತಿರಬಹುದು ಎಂಬ ಆಸೆ ನನಗಿತ್ತು.

"ನೆನಪೈತೆ," ಎಂದಳು ಅವಳು. "ನೀನು ಚಿಕ್ಕೋಳು. ಮನಸ್ಸಲ್ಲಿ ಇದ್ದಿದ್ದು ಅಂದೆ. ಅದು ಯಾವತ್ತೋ ಹೋಯ್ತು ಬಿಡು." ದಾರವನ್ನು ಹಲ್ಲಿನಿಂದ ಕಡಿದಳು. "ನಿಮ್ಮಮ್ಮ ಯಾಕೆ ಹಂಗೆ ಕಲೆಸಿ ತಂದ್ಲು ಅಂತ ನನಗೆ ಅವತ್ತೇ ಗೊತ್ತಾಗಿತ್ತು. ಗೊತ್ತಾಯ್ತು ಭಾಬಿ ಅಂತ ಒಂದು ಮಾತು ಹೇಳ್ಬೇಕಿತ್ತು. ನಾಳೆ ಹೇಳಿದ್ರಾಯ್ತು ಅಂದ್ಕೊಂಡೇ ಇದ್ದೆ."

ಚಳ್ಳಕೆರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಫುಪ್ಪಿ ಸೀರೆಯ ಅಂಚನ್ನು ನನ್ನ ಕಡೆಗೆ ಸರಿಸಿದಳು. ನಾನು ಅದನ್ನು ಬಿಗಿಯಾಗಿ ಹಿಡಿದು ಕೂತೆ, ಅವಳು ಮುಂದಿನ ಗಂಟು ಹಾಕತೊಡಗಿದಳು.