ಆ ಕಾಯಿ ನನ್ನ ಕೈಯಲ್ಲೇ ಏಕೆ ಎದ್ದು ನಿಂತಿತು?

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಇದನ್ನು ಮೊದಲೇ ಹೇಳದಿದ್ದರೆ, ಕಥೆ ಕೇಳಿದ ಕೂಡಲೇ ನಂಬುವವರು ನನ್ನನ್ನು ತಮ್ಮ ಕಡೆಯವನೆಂದು ಸೇರಿಸಿಕೊಂಡುಬಿಡುತ್ತಾರೆ. ಬೇರೆಯವರಿಗೆ ಆಗುವ ವಿಚಿತ್ರ ಅನುಭವಗಳು ಅಮಾವಾಸ್ಯೆಯ ರಾತ್ರಿ ಒಬ್ಬರೇ ಇದ್ದಾಗ ಆಗುತ್ತವೆ. ಕತ್ತಲು, ಭಯ, ಭ್ರಮೆ ಎಂದು ತಳ್ಳಿಹಾಕಬಹುದು. ನನಗೆ ಆದದ್ದು ಸುಡುವ ಬಿಸಿಲಿನಲ್ಲಿ, ಇಡೀ ಊರು ನೋಡುತ್ತಿರುವಾಗ, ಪಕ್ಕದಲ್ಲಿ ಒಬ್ಬ ಡಾಕ್ಟರು ಮತ್ತು ಒಬ್ಬ ಪ್ರೊಫೆಸರು ನಿಂತಿರುವಾಗ. ಇದಕ್ಕಿಂತ ಕಿರಿಕಿರಿಯ ಸಂಗತಿ ನನ್ನ ಬಾಳಿನಲ್ಲಿ ಬೇರೊಂದಿಲ್ಲ.

ಅದು ಏಕೀಕರಣಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನಮ್ಮ ಧಾರವಾಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ನಾನು ಬೆಟಗೇರಿಯವನು, ಕಲ್ಲು ಮಣ್ಣಿನ ಶಾಸ್ತ್ರ ಓದಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ ಸಂಶೋಧನೆ ಮಾಡಲು ನಮ್ಮ ಮೂವರನ್ನು ಕಳಿಸಿದ್ದರು. ಹೊಳೆದಂಡೆಯ ಹಮ್ಮಿಗಿಗೆ ಹೋಗುವ ದಾರಿಯಲ್ಲಿದ್ದರೂ ಆ ಊರಿಗೆ ಹೊಳೆ ದೂರ. ಇದ್ದದ್ದು ಒಂದೇ ಬಾವಿ, ಅದರ ನೀರಿನಲ್ಲೇ ದೋಷ. ಆ ನೀರು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತಿದ್ದವು, ಕೆಲವರ ಕಾಲು ಸೊಟ್ಟಗಾಗುತ್ತಿದ್ದವು, ದೊಡ್ಡವರು ವಯಸ್ಸಾಗುವ ಮೊದಲೇ ಬೆನ್ನು ಬಗ್ಗಿ ನಡೆಯುತ್ತಿದ್ದರು. ಹಲ್ಲು ಮೂಳೆ ನೋಡುವುದು ಡಾಕ್ಟರ ಕೆಲಸ. ಜನ ಏನು ತಿನ್ನುತ್ತಾರೆ, ಏನು ನಂಬುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು ಸಮಾಜಶಾಸ್ತ್ರದ ಪ್ರೊಫೆಸರ ಕೆಲಸ. ಕೆಟ್ಟ ಕಲ್ಲಿನ ಪದರ ತಪ್ಪಿಸಿ ಹೊಸ ಬಾವಿಗೆ ಜಾಗ ತೋರಿಸುವುದು ನನ್ನ ಕೆಲಸ.

ನಮಗೆ ರೊಟ್ಟಿ ಮಾಡಿ ಹಾಕುತ್ತಿದ್ದವಳು ನೀಲವ್ವ. ಅವಳ ದೊಡ್ಡ ಮಗಳ ಎರಡೂ ಮೊಣಕಾಲು ಒಳಕ್ಕೆ ಬಾಗಿದ್ದವು. ಆ ಹುಡುಗಿ ಗೋಡೆ ಹಿಡಿದು ನಡೆಯುತ್ತಿತ್ತು. ಚಿಕ್ಕವಳು ಇನ್ನೂ ಅಂಬೆಗಾಲಿಡುತ್ತಿದ್ದಳು. ತಾಟಿಗೆ ರೊಟ್ಟಿ ಹಾಕುವಾಗಲೆಲ್ಲ ನೀಲವ್ವನದು ಒಂದೇ ಪ್ರಶ್ನೆ: "ಸಾಹೇಬ್ರ, ಸಣ್ಣಾಕಿ ನಡಿಯಾಕ ಕಲಿಯೂದ್ರಾಗ ಬಾವಿ ಆಕ್ಕೈತೇನ್ರಿ?" ಊರವರು ಮೈಮುರಿದು ದುಡಿಯಲು ಸಿದ್ಧರಿದ್ದರು. ಆದರೆ ಅದು ಕಲ್ಲುನೆಲ, ಮದ್ದು ಹಾಕಿ ಸಿಡಿಸಬೇಕು. ಅವರಿಗೆ ಇದ್ದದ್ದು ಒಂದು ಬಾವಿ ತೋಡುವ ತ್ರಾಣ ಮಾತ್ರ. ಜಾಗ ತಪ್ಪಿದರೆ ಇನ್ನೊಂದು ತೋಡುವ ಮಾತೇ ಇರಲಿಲ್ಲ.

ನಾನು ನೆಲಕ್ಕೆ ಕಬ್ಬಿಣದ ಗೂಟ ಹೊಡೆದು, ತಂತಿ ಎಳೆದು, ಒಳಗಿನ ಕಲ್ಲು ಎಂಥದ್ದೆಂದು ಅಳೆದೆ. ಬಿಸಿಲಲ್ಲಿ ಬೆಂದು, ಊರ ಸುತ್ತಲಿನ ಹೊಲವೆಲ್ಲ ಅಲೆದು, ಹಮ್ಮಿಗಿ ದಾರಿಯ ಇಳಿಜಾರಿನಲ್ಲಿ ಒಂದು ಜಾಗ ಗೊತ್ತುಮಾಡಿ ಗುರುತಿನ ಕಲ್ಲು ನೆಟ್ಟೆ. ಊರವರು ತಲೆಯಾಡಿಸಿದರು. ಮರುದಿನ ನೋಡಿದರೆ ಲಕ್ಷ್ಮೇಶ್ವರದಿಂದ ಗುರುಸಿದ್ದಪ್ಪನನ್ನು ಕರೆಸಿದ್ದರು.

ಗುರುಸಿದ್ದಪ್ಪ ನೀರು ನೋಡುವವನು. ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ. ನೆಲದೊಳಗೆ ನೀರಿರುವಲ್ಲಿಗೆ ಬಂದರೆ ಕಾಯಿ ಜುಟ್ಟು ಮೇಲೆ ಮಾಡಿ ಎದ್ದು ನಿಲ್ಲುತ್ತದೆ ಎಂದು ಜನರ ನಂಬಿಕೆ. ಜರತಾರಿ ರುಮಾಲು, ಕಿವಿಯಲ್ಲಿ ಹೊಳೆಯುವ ಒಂಟಿ. ಲಕ್ಷ್ಮೇಶ್ವರ ಇನ್ನೂ ಸಂಸ್ಥಾನದ ಆಳ್ವಿಕೆಯಲ್ಲಿದ್ದಾಗ ಆ ಸೀಮೆಯ ಸಿಹಿನೀರ ಬಾವಿಗಳನ್ನೆಲ್ಲ ತಾನೇ ತೋರಿಸಿದ್ದೆಂದು ಬಂದ ಗಳಿಗೆಯಿಂದ ಕೊಚ್ಚಿಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. "ಕಣ್ಣು ಕಟ್ಟತೀನಿ, ಎರಡು ಸಲ ನಡೀಬೇಕು. ಎರಡೂ ಸಲ ಅದ ಜಾಗದಾಗ ಕಾಯಿ ಎದ್ರ ನಾನು ನನ್ನ ಕಲ್ಲು ಕಿತ್ತು ಹೊಕ್ಕೀನಿ" ಎಂದೆ. ಜನರೆದುರು ಆಗುವುದಿಲ್ಲ ಎನ್ನಲಾಗದೆ ಅವನು ಕಣ್ಣು ಕಟ್ಟಿಸಿಕೊಂಡ.

ಮೊದಲ ಸಲ ಕಾಯಿ ಒಂದು ಮೂಲೆಯಲ್ಲಿ ಎದ್ದಿತು, ಎರಡನೆಯ ಸಲ ಅದರ ಎದುರು ಮೂಲೆಯಲ್ಲಿ. ಜನ ಮುಖ ಮುಖ ನೋಡಿಕೊಂಡರು. ನಾನು ಗೆದ್ದಿದ್ದೆ. ಅಷ್ಟಕ್ಕೇ ಸುಮ್ಮನೆ ಮನೆಗೆ ಹೋಗಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ಮೋಸ ಹೇಗೆ ನಡೆಯುತ್ತದೆ ಎಂಬುದನ್ನೂ ಜನರಿಗೆ ತೋರಿಸಿಯೇ ಬಿಡೋಣ ಅನ್ನಿಸಿತು. ಒಂದು ಜಾಲಿ ಗಿಡದ ನೆರಳಿಗೆ ನಡೆದೆ. ಆ ಜಾಗವನ್ನು ಆರಿಸಿಕೊಂಡದ್ದು ನೆರಳಿತ್ತು ಎಂಬ ಒಂದೇ ಕಾರಣಕ್ಕೆ. ಅಲ್ಲಿನ ನೆಲವನ್ನು ಮೊದಲೇ ಅಳೆದು, ಬರೀ ಗಟ್ಟಿ ಬಂಡೆ ಎಂದು ಬಿಟ್ಟಿದ್ದೆ. ಗುರುಸಿದ್ದಪ್ಪನ ಕಾಯಿ ಇಸಿದುಕೊಂಡು ಅಂಗೈ ಮೇಲೆ ಮಲಗಿಸಿ, "ಎಲ್ಲಾರೂ ನೋಡ್ರಿ, ಹೆಬ್ಬೆರಳು ಕಾಯಿ ಬುಡಕ ಹಿಂಗ ತರತಾನ" ಎಂದು ಹೇಳಲು ಬಾಯಿ ತೆರೆದೆ.

ಕಾಯಿ ಎದ್ದು ನಿಂತಿತು.

ನಾನು ಬೆರಳು ಆಡಿಸಿರಲಿಲ್ಲ. ಅದು ನೆಗೆಯಲಿಲ್ಲ, ನಡುಗಲೂ ಇಲ್ಲ. ಮಲಗಿದ್ದ ಮಗು ಎದ್ದು ಕೂರುವ ಹಾಗೆ ಸಾವಕಾಶವಾಗಿ ಜುಟ್ಟು ಮೇಲೆ ಮಾಡಿ ನಿಂತುಕೊಂಡಿತು. ಅಂಗೈ ನಡುವೆ ಅದರ ಭಾರವೆಲ್ಲ ಒಂದೇ ಕಡೆ ಒತ್ತಿದ್ದು ಚೆನ್ನಾಗಿ ನೆನಪಿದೆ. ಕೈ ಓರೆ ಮಾಡಿದೆ, ಬೀಳಲಿಲ್ಲ. ಎಡಗೈಯಿಂದ ಮಲಗಿಸಿದೆ, ಮತ್ತೆ ಎದ್ದಿತು. ಜನ ಹೋ ಎಂದು ಕೂಗಿದರು. ನಾನು "ತಡೀರಿ, ತಡೀರಿ" ಎನ್ನುತ್ತಿರುವಾಗಲೇ ಯಾರೋ ಕಾಯಿ ಕಸಿದುಕೊಂಡು, ಅಲ್ಲೇ ಕಲ್ಲಿಗೆ ಒಡೆದು, ಪ್ರಸಾದವೆಂದು ಹಂಚಿಬಿಟ್ಟರು. ಪರೀಕ್ಷೆ ಮಾಡಬೇಕಾಗಿದ್ದ ವಸ್ತುವನ್ನು ಊರಿಗೆ ಊರೇ ತಿಂದುಹಾಕಿತು. ನನ್ನ ಕೈಗೂ ಒಂದು ಚೂರು ಬಂತು.

ಬೇರೆ ಕಾಯಿ ತರಿಸಿ ಅದೇ ಜಾಗದಲ್ಲಿ ನಿಂತು ನೋಡಿದೆ. ಒಂದೂ ಅಲ್ಲಾಡಲಿಲ್ಲ. ಡಾಕ್ಟರು ನನ್ನ ನಾಡಿ ನೋಡಿ, ಮಾಡಬೇಕೆಂದು ಮನಸ್ಸಿನಲ್ಲಿದ್ದುದನ್ನು ಕೈ ತಾನಾಗಿ ಮಾಡಿಬಿಟ್ಟಿದೆ, ಸ್ನಾಯುಗಳ ಸ್ವಭಾವವೇ ಹಾಗೆ ಎಂದರು. ಎರಡನೆಯ ಸಲವೂ ಏಕೆ ಎದ್ದಿತು ಎಂದರೆ ಸ್ನಾಯುಗಳ ಸ್ವಭಾವವೇ ಹಾಗೆ ಎಂದು ಅದನ್ನೇ ಹೇಳಿದರು. ಪ್ರೊಫೆಸರು ಇದು ಗುಂಪಿನ ನಿರೀಕ್ಷೆಯ ಪರಿಣಾಮ ಎಂದರು. ಗುಂಪು ನಿರೀಕ್ಷಿಸಿದ್ದು ಗುರುಸಿದ್ದಪ್ಪನಿಂದ, ನನ್ನಿಂದಲ್ಲವಲ್ಲ ಎಂದೆ. ಅವರು ಪೆನ್ನು ತೆಗೆದು, ಬಾಲ್ಯದಲ್ಲಿ ನಿಮ್ಮ ಮನೆಯಲ್ಲಿ ಯಾವ ದೇವರಿಗೆ ನಡೆದುಕೊಳ್ಳುತ್ತಿದ್ದಿರಿ ಎಂದು ನನ್ನನ್ನೇ ಕೇಳತೊಡಗಿದರು. ಸಂಶೋಧಕನಾಗಿ ಬಂದವನು ಸಂಶೋಧನೆಯ ವಸ್ತುವಾಗಿ ಕುಳಿತಿದ್ದೆ.

ಸಂಜೆ ಗುರುಸಿದ್ದಪ್ಪ ನಾವು ಇಳಿದುಕೊಂಡಿದ್ದ ಚಾವಡಿಗೆ ಬಂದ. ರುಮಾಲು ಬಗಲಲ್ಲಿತ್ತು, ಮುಖ ಬಿಳಿಚಿಕೊಂಡಿತ್ತು. ನನ್ನನ್ನು ಒಂದು ಬದಿಗೆ ಕರೆದು ಹೇಳಿದ: "ಸಾಹೇಬ್ರ, ಖರೆ ಹೇಳತೀನಿ. ಇಷ್ಟು ವರ್ಷ ನಾನು ಹೆಬ್ಬೆರಳಲೇನ ಎಬ್ಬಸ್ತಿದ್ದೆ. ನಿಮ್ಮ ಹೆಬ್ಬೆರಳನ್ನ ನಾನು ಕಣ್ಣು ಮಿಟಕಸದ ನೋಡಾಕತ್ತಿದ್ದೆ, ಅದು ಕಾಯಿಗೆ ಹತ್ತೇ ಇರಲಿಲ್ಲ. ಹೆಂಗ ಎಬ್ಬಿಸಿದ್ರಿ?"

"ನನಗ ಗೊತ್ತಿಲ್ಲ" ಎಂದೆ.

"ಹೇಳ್ರಿ, ಕಾಲು ಬೀಳತೀನಿ" ಎಂದು ಬಗ್ಗಿಯೇ ಬಿಟ್ಟ. ಆಗ ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಡಾಕ್ಟರ ಮಾತನ್ನು ಹೇಗೋ ನಂಬಿ ಮಲಗಬಹುದಿತ್ತು. ಆದರೆ ಈ ಮೋಸದ ಒಳಹೊರಗು ಬಲ್ಲವನು ಜಗತ್ತಿನಲ್ಲಿ ಒಬ್ಬನಿದ್ದರೆ ಅವನು ಗುರುಸಿದ್ದಪ್ಪ. ಅವನೇ ಇದು ಹೆಬ್ಬೆರಳಿನ ಕೆಲಸವಲ್ಲ ಎನ್ನುತ್ತಿದ್ದ.

ಬಾವಿಯನ್ನು ಜಾಲಿ ಗಿಡದ ಹತ್ತಿರವೇ ತೋಡುವುದೆಂದು ಊರವರು ನಿಶ್ಚಯಿಸಿದರು. ನಾನು ಕೂಗಾಡಿದೆ. ಅದು ಬಂಡೆ, ನಿಮ್ಮ ದುಡಿಮೆ ಮಣ್ಣುಪಾಲಾಗುತ್ತದೆ ಎಂದು ಅಂಗಲಾಚಿದೆ. ನನ್ನ ಕೈಯನ್ನು ನಂಬಿದ ಜನ ನನ್ನ ಬಾಯನ್ನು ನಂಬಲಿಲ್ಲ. ನೀಲವ್ವ ಕೂಡ ನಗುತ್ತ, "ಸುಮ್ನ ಕುಂಡ್ರಿ ಸಾಹೇಬ್ರ, ನೀವ ತೋರಿಸಿದ ಜಾಗಾ ಅಲ್ಲೇನ್ರಿ ಅದು" ಎಂದಳು. ಅವಳ ಸಣ್ಣ ಮಗಳ ಮುಖ ನೋಡಲಾಗದೆ ನಾನು ತಲೆ ತಗ್ಗಿಸಿದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಬಂಡೆಯ ಬಿರುಕಿನಿಂದ ನೀರು ಬಂತು. ಡಾಕ್ಟರು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದರು, ಕುಡಿಯಲು ಯೋಗ್ಯ ಎಂದು ಉತ್ತರ ಬಂತು. ಕೆಲವು ವರ್ಷಗಳ ನಂತರ ಆ ಊರಿಗೆ ಹೋದಾಗ ನೀಲವ್ವನ ಚಿಕ್ಕ ಮಗಳು ನನ್ನೆದುರೇ ಕುಂಟಾಬಿಲ್ಲೆ ಆಡುತ್ತಿದ್ದಳು, ಎರಡೂ ಕಾಲು ನೆಟ್ಟಗಿದ್ದವು. ಅಕ್ಕ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ನಾನು ಗುರುತು ಹಾಕಿದ್ದ ಜಾಗವನ್ನು ಯಾರೂ ತೋಡಲೇ ಇಲ್ಲ. "ಬಾವಿ ಐತಲ್ರಿ, ಇನ್ನೊಂದ್ಯಾಕ್ರಿ?" ಎಂದರು. ಈಗ ಅದರ ಮೇಲೆ ಶಾಲೆ ಕಟ್ಟಿದ್ದಾರೆ. ಅಲ್ಲಿಯೂ ನೀರಿತ್ತೋ, ನನ್ನ ಶಾಸ್ತ್ರ ಸರಿಯಿತ್ತೋ ತಪ್ಪಿತ್ತೋ, ಇನ್ನು ತಿಳಿಯುವ ದಾರಿಯಿಲ್ಲ.

ಏಕೀಕರಣವಾಗಿ ನಮ್ಮ ಕಚೇರಿ ಬೆಂಗಳೂರಿನ ಕೈಕೆಳಗೆ ಬಂದಾಗ, ಕಲ್ಲಿನ ಪದರಗಳ ಬಗ್ಗೆ ನಾನು ಬರೆದ ವರದಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ಹೊಸ ಮೇಲಧಿಕಾರಿಗಳು ಮಾತ್ರ ನನ್ನನ್ನು ಕಂಡ ಕೂಡಲೇ, "ಓ, ಆ ತೆಂಗಿನಕಾಯಿಯವರು ನೀವೇನಾ?" ಎಂದರು. ಆಮೇಲೆ ನಾನು ತೋರಿಸಿದ ಬಾವಿಗಳೆಲ್ಲ ಅಳತೆಯಿಂದಲೇ ಸಿಕ್ಕವು. ಅವುಗಳ ಬಗ್ಗೆ ಒಬ್ಬರೂ ಕೇಳಲಿಲ್ಲ.

ಗುರುಸಿದ್ದಪ್ಪ ನೀರು ನೋಡುವುದನ್ನು ಅಂದೇ ಬಿಟ್ಟು ಲಕ್ಷ್ಮೇಶ್ವರದ ಬಜಾರದಲ್ಲಿ ಬಳೆ ಅಂಗಡಿ ಇಟ್ಟಿದ್ದ. ಆ ಕಡೆ ಹೋದಾಗಲೆಲ್ಲ ಚಹಾ ತರಿಸಿ, ದನಿ ತಗ್ಗಿಸಿ ಅದೇ ಪ್ರಶ್ನೆ ಕೇಳುತ್ತಿದ್ದ. ಕೊನೆಯ ಸಲ ನೋಡಿದಾಗ ಬಹಳ ಸೊರಗಿದ್ದ. "ಈಗರ ಹೇಳ್ರಿ. ನಾ ಇನ್ನ ಯಾರ ಮುಂದ ಹೇಳಾಂವದೀನಿ?" ಎಂದ. ದೇವರಾಣೆ ಗೊತ್ತಿಲ್ಲ ಎಂದೆ. ದೇವರನ್ನು ನಂಬದ ನಾನು ಆಣೆ ಇಟ್ಟದ್ದು ಅದೊಂದೇ ಸಲ. ಅವನು ಮುಖ ತಿರುಗಿಸಿ, "ಆತು ಬಿಡ್ರಿ, ಹೇಳಬ್ಯಾಡ್ರಿ" ಎಂದು ಬಳೆ ಜೋಡಿಸತೊಡಗಿದ. ನಾನು ಕಸಬಿನ ಗುಟ್ಟು ಮುಚ್ಚಿಟ್ಟೆನೆಂಬ ಮುನಿಸಿನಲ್ಲೇ ಅವನು ತೀರಿಕೊಂಡ.

ನಮ್ಮ ಮನೆಯಲ್ಲಿ ಕಾಯಿ ಒಡೆಯುವ ಕೆಲಸ ನನ್ನದು. ಒಡೆಯುವ ಮೊದಲು, ಹೆಂಡತಿ ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಅದನ್ನು ಅಂಗೈ ಮೇಲೆ ಮಲಗಿಸಿ ಹೆಬ್ಬೆರಳು ದೂರ ಚಾಚಿ ನಿಲ್ಲುತ್ತೇನೆ. ಒಳಗಿನಿಂದ ಅವಳು, "ಚಟ್ನಿಗೆ ಹೊತ್ತಾತು, ಅದೇನು ಧ್ಯಾನಾ ಮಾಡಾಕತ್ತೀರಿ?" ಎಂದು ಕೂಗುತ್ತಾಳೆ. ಕಾಯಿ ಮಲಗಿಯೇ ಇರುತ್ತದೆ. ಸಿಟ್ಟಿನಿಂದ ಕಲ್ಲಿಗೆ ಒಡೆಯುತ್ತೇನೆ.