ಗೋರೆಗಾಂವ್ ಮನೆ ನೋಡಲು ಬಂದವರು

ಜಲಜಾ, ಆ ಭಾನುವಾರ ನಿನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ನಾನು ಹೇಳಿದ್ದು ಸುಳ್ಳು. ಬರುವವರು ಮನೆ ಕೊಳ್ಳುವವರೆಂದು ನನಗೆ ಮೊದಲೇ ಗೊತ್ತಿತ್ತು. ಹೊಟ್ಟೆಗೆ ಅನ್ನ ತಿನ್ನುವವನು ಒಡಹುಟ್ಟಿದ ತಂಗಿಗೆ ಹೀಗೆ—

ಕಾರಣ ಇಷ್ಟೇ. ಅಪ್ಪ, ಅಮ್ಮ ತೀರಿದ ಮೇಲೆ ಗೋರೆಗಾಂವ್ ಮನೆ ನಮ್ಮಿಬ್ಬರ ಹೆಸರಿಗೆ ಬಂದಿತ್ತು. ನನಗೆ ಬಾಂದ್ರಾದಲ್ಲಿ ಸ್ವಂತ ಹೋಟೆಲ್ ತೆರೆಯುವ ಹುಚ್ಚು. ನಿನಗೆ ಆ ಎರಡು ಕೋಣೆಗಳೇ ಪ್ರಾಣ. ಹಿಂದೊಮ್ಮೆ ದಲಾಲನನ್ನು ಕರೆತಂದಾಗ ನೀನು ಬಾಗಿಲನ್ನೇ ತೆರೆದಿರಲಿಲ್ಲ. ಅಮ್ಮ ಮಲಗುತ್ತಿದ್ದ ಮಂಚವನ್ನು ಯಾರೂ ಮುಟ್ಟುವಂತಿರಲಿಲ್ಲ. ಬಾಯಿಬಿಟ್ಟು ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ.

ಗಂಡಿನ ಕಡೆಯವರು ಎಂದದ್ದೇ ತಡ, ಮಾರುವುದಕ್ಕೆ ಬೇಕಾದ ಹಾಗೆ ಮನೆಯನ್ನು ನೀನೇ ಸಜ್ಜು ಮಾಡಿಕೊಟ್ಟೆ. ಮಂಚ ಹೊರಗೆ ಹಾಕಿಸಿದೆ, ಗೋಡೆಗೆ ಸುಣ್ಣ ಬಳಿದೆ, ಬಚ್ಚಲ ಮೋರಿಯ ಕರೆಯನ್ನು ಕೈ ಸುಲಿಯುವ ತನಕ ಉಜ್ಜಿದೆ. ಮೂವತ್ತೈದು ದಾಟಿದ ನಿನ್ನ ಮುಖದಲ್ಲಿ ಆಗ— ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ನನ್ನ ಮೇಲೆ ಬರುವಷ್ಟು ಸಿಟ್ಟು ಯಾವ ಪಾಪಿಯ ಮೇಲೂ ನನಗೆ ಬಂದಿಲ್ಲ.

ಬಂದವರು ಗಂಡ, ಹೆಂಡತಿ, ಜೊತೆಗೊಬ್ಬ ಮುದುಕ. ನೀನು ರೇಷ್ಮೆ ಸೀರೆಯುಟ್ಟು ಸಜ್ಜಿಗೆ, ಅವಲಕ್ಕಿ ತಂದಿಟ್ಟೆ. ಆ ಹೆಂಗಸು ತಟ್ಟೆ ಮುಟ್ಟದೆ ಕೇಳಿದಳು: "ಪಾನೀ ಕಿತ್ನೇ ಬಜೇ ಆತಾ ಹೈ?" ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ನೀನು ತಲೆ ತಗ್ಗಿಸಿಯೇ ಹೇಳಿ ನನ್ನನ್ನು ಅಡಿಗೆಮನೆಗೆ ಕರೆದೆ. ಅಲ್ಲಿ ನೀನು ಇನ್ನೊಂದು ತಟ್ಟೆ ತುಂಬಿ ಮುಚ್ಚಿಟ್ಟಿದ್ದೆ.

"ಅಣ್ಣ, ಹುಡುಗ ಹಿಂದಿನಿಂದ ಬರ್ತಾರಾ?"

"ಹುಡುಗ ಇಲ್ಲ ಮಾರಾಯ್ತಿ. ಅವರು ಮನೆ ನೋಡ್ಲಿಕ್ಕೆ ಬಂದದ್ದು. ಈಗ ನನ್ನ ಮರ್ಯಾದೆ ತೆಗೀಬೇಡ."

ಮರ್ಯಾದೆಯಂತೆ. ನೀನು ಉಗಿಯಬೇಕಿತ್ತು, ಆ ತಟ್ಟೆಯನ್ನು ನನ್ನ ಮುಖಕ್ಕೆ ಎಸೆಯಬೇಕಿತ್ತು. ಅದು ಬಿಟ್ಟು ಅದೇ ಸೀರೆಯಲ್ಲಿ ಹೊರಗೆ ಹೋಗಿ, ಅವರಿಗೆ ಕೋಣೆಗಳ ದೀಪ ಹಾಕಿ ತೋರಿಸಿದೆ. ಮಾರಾಟದ ದಿನ, ಇನ್ನು ಈ ಮನೆಯೇ ಬೇಡವೆಂದು ಸಹಿ ಹಾಕಿ, ಹೆಂಗಸರ ಹಾಸ್ಟೆಲಿಗೆ ಹೊರಟುಹೋದೆ.

ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ನಿನ್ನ ಸಡಗರವನ್ನು ಬಿಲ್ಡಿಂಗಿನವರೆಲ್ಲ ನೋಡಿದ್ದರು. ನೆಂಟರ ಕಿವಿಗೂ ಬಿದ್ದಿತ್ತು. ಏನಾಯಿತೆಂದು ಕೇಳಿದವರಿಗೆಲ್ಲ—ಈ ನಾಲಿಗೆ ಬಿದ್ದುಹೋಗಬಾರದಿತ್ತೇ—"ಚಿನ್ನದಂಥ ಹುಡುಗ, ಇವಳೇ ಬೇಡ ಅಂದ್ಲು. ಇವಳಿಗೆ ಮದುವೆಯೇ ಬೇಡವಂತೆ" ಎಂದೆ. ಬಾಂದ್ರಾದ ಹೊಸ ಹೋಟೆಲಿನ ಗಲ್ಲಾದಲ್ಲಿ ಕುಳಿತು ಊರಿನಿಂದ ಬಂದವರಿಗೂ ಅದನ್ನೇ ಹೇಳಿದೆ. ಆಮೇಲೆ ನಿನಗೆ ಯಾರೂ ಒಂದು ಸಂಬಂಧ ತರಲಿಲ್ಲ.

ಯಾಕೆ ಹೀಗೆ ಎಂದು ನೀನು ಜಾತಕ ಹಿಡಿದು ಜೋಯಿಸರಲ್ಲಿಗೆ ಹೋದೆ. ನಾನೂ ಜೊತೆಗಿದ್ದೆ. ಅವರು ಗ್ರಹದೋಷ ಎಂದರು. ನಿನ್ನ ಪಕ್ಕದಲ್ಲೇ ಕುಳಿತಿದ್ದ ನಾನು ಹೌದೆಂದು ತಲೆಯಾಡಿಸಿದೆ.